ಆರಿದ್ರಾ ಮಳೆಯಲ್ಲಿ ಕಟ್ಟಿದ ಕಸಿ

ಸಾಲಗಾಮೆ
೧೧–೪–೧೯೪೩

ಮಗಳು ಪುಟ್ಟತಾಯಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ. ಕಪ್ಪು ಹಸು ಹೆಣ್ಣುಗರು ಹಾಕಿದೆ. ನಮ್ಮಕ್ಕ ಹೊನ್ನಕ್ಕನಿಗೆ ಮಂಡಿ ನೋವು, ನಾಲಗೆಗೆ ಏನೂ ಆಗಿಲ್ಲ. ನೀನು ಊರು ಬಿಟ್ಟ ವರ್ಷ ಕಟ್ಟಿದ ಕಸಿ ಮಾವು ಈ ಸಲ ಮೊದಲ ಫಲ ಬಿಟ್ಟಿದೆ. ಹದಿನಾಲ್ಕು ಕಾಯಿ.

ಬರೆಯಬೇಕು ಅನ್ನಿಸಿತು, ಬರೆದೆ. ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಕೆಂಪಣ್ಣ


ಅರಕಲಗೂಡು
೧೭–೪–೧೯೪೩

ತೀರ್ಥರೂಪು ಅಪ್ಪಯ್ಯನವರಿಗೆ ಪುಟ್ಟತಾಯಮ್ಮ ಮಾಡುವ ನಮಸ್ಕಾರಗಳು.

ಲಕೋಟೆಯ ಮೇಲಿನ ಬರಹ ನೋಡಿ ನಮ್ಮ ಶಾಲೆಯ ಒಂದನೇ ತರಗತಿಯ ಮಗು ಯಾವುದೋ ರಜೆ ಅರ್ಜಿ ಹಾಕಿದೆ ಎಂದುಕೊಂಡೆ. ಒಡೆದು ನೋಡಿದರೆ ನೀವು. ಮೂರು ವರ್ಷಕ್ಕೆ ಏಳು ಸಾಲು. ಅದರಲ್ಲೂ ಹಸುವಿಗೊಂದು, ಮಾವಿಗೆರಡು.

ಕ್ಷೇಮ ಎಂದು ಬರೆದಿದ್ದೀರಿ. ನಾನು ದಿನಕ್ಕೆ ಐವತ್ತು ಸ್ಲೇಟು ತಿದ್ದುವವಳು. ಅಕ್ಷರವೆಲ್ಲ ಎಡಕ್ಕೆ ವಾಲಿವೆ. ಗಿಡಕ್ಕೆ ಕಟ್ಟುವ ಹೆಸರಿನ ಚೀಟಿಯನ್ನೂ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ ಕಸಿ ಕೆಂಪಣ್ಣನ ಬರಹ ಇದಲ್ಲ. ಎಡಗೈಯಲ್ಲಿ ಬರೆದಿದ್ದೀರಿ. ಬಲಗೈಗೆ ಏನಾಗಿದೆ?

ಬಂದು ನೋಡಬಹುದಿತ್ತು. ಆದರೆ ಬರುವಂತಿಲ್ಲವಲ್ಲ. ಚನ್ನರಾಯಪಟ್ಟಣದಲ್ಲಿ ಗಂಡನನ್ನು ಕಳೆದುಕೊಂಡು ಹದಿನೆಂಟಕ್ಕೇ ತವರಿಗೆ ವಾಪಸು ಬಂದವಳು ಮೇಷ್ಟ್ರಮ್ಮನಾಗಲು ಹೊರಟಾಗ ನೀವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ: “ಓಗೋದಾದ್ರೆ ಓಗು. ಆಮೇಲೆ ಈ ಒಸ್ಲು ತುಳೀಬ್ಯಾಡ.” ಅವ್ವ ತೀರಿಕೊಂಡ ದಿನ ಬಂದೆ. ಹೊಸ್ತಿಲು ತುಳಿಯಲಿಲ್ಲ, ಎದುರಿನ ಹೊಂಗೆ ಮರದ ಕೆಳಗೆ ನಿಂತೆ. ನೀವು ಹೊರಗೆ ಬಂದಿರಿ, ನನ್ನನ್ನು ನೋಡಿದಿರಿ, ಒಳಗೆ ಹೋದಿರಿ. ಅವ್ವನನ್ನು ಹೊತ್ತು ನಡೆಯುವವರೆಗೆ ಅಲ್ಲೇ ನಿಂತಿದ್ದು ಸಂಜೆ ಬಸ್ಸಿಗೆ ಹೊರಟುಬಂದೆ. ಒಂದು ಸಲ ಕರೆದಿದ್ದರೆ ಸಾಕಿತ್ತು. ಈಗಲೂ ನನಗೆ ಬೇಕಾಗಿರುವುದು ಅದೊಂದೇ ಕರೆ. ಆದರೆ ಕೇಳಿ ಕರೆಸಿಕೊಳ್ಳುವವಳಲ್ಲ ನಾನು. ಯಾರ ಮಗಳು?

ಕೈಗೆ ಏನಾಗಿದೆ, ಬರೆಯಿರಿ.

ಪುಟ್ಟತಾಯಮ್ಮ


ಹಾಸನ
೨೮–೪–೧೯೪೩

ಶ್ರೀಮತಿ ಪುಟ್ಟತಾಯಮ್ಮನವರಿಗೆ ನಮಸ್ಕಾರ.

ನಾನು ಇಲ್ಲಿ ವೈದ್ಯ. ನಿಮ್ಮ ತಂದೆ ನನ್ನಲ್ಲಿ ಗಾಯ ಕಟ್ಟಿಸಿಕೊಳ್ಳಲು ಬರುತ್ತಾರೆ. ನಿಮ್ಮ ಕಾಗದ ಅವರ ಅಂಗಿ ಜೇಬಿನಲ್ಲಿದೆ. ಗಾಯ ತೊಳೆಯುವಾಗಲೆಲ್ಲ ಆ ಜೇಬು ಒದ್ದೆಯಾಗದ ಹಾಗೆ ಮೈ ತಿರುಗಿಸಿಕೊಂಡು ಕೂರುತ್ತಾರೆ. ನಿಮ್ಮ ವಿಳಾಸ ನಾನು ಅಲ್ಲಿಂದ ಕದ್ದದ್ದು.

ಯುಗಾದಿಗೆ ಮೊದಲು, ಮಳೆಗಾಲದ ಕಸಿಗೆ ಬೇಕಾಗುವ ಮೇಣವನ್ನು ಕಾಯಿಸಿಡುವಾಗ ಬಾಣಲೆ ಮಗುಚಿ ಅವರ ಬಲಗೈ ಹಿಂಭಾಗದ ಚರ್ಮವೆಲ್ಲ ಹೋಗಿದೆ. ಅವರದೇ ತೊಡೆಯ ಚರ್ಮವನ್ನು ಎರಡು ಸಲ ಹಚ್ಚಿ ನೋಡಿದೆ, ಹಿಡಿಯಲಿಲ್ಲ. ಹೊಸ ಚರ್ಮ ಬರದಿದ್ದರೆ ಕೊಳೆ ಮೂಳೆಗೆ ಇಳಿಯುತ್ತದೆ. ಆಮೇಲೆ ಮಣಿಕಟ್ಟಿನ ಹತ್ತಿರ ಕೈ ತೆಗೆಯಬೇಕಾಗುತ್ತದೆ.

ಇನ್ನೊಂದು ದಾರಿಯಿದೆ. ಅದಕ್ಕಾಗಿ ನನ್ನನ್ನು ಬೇರೆ ಡಾಕ್ಟರುಗಳು ಅರೆಹುಚ್ಚ ಎನ್ನುತ್ತಾರೆ. ಮರ ತನ್ನ ಗಾಯವನ್ನು ಹೇಗೆ ಮಾಯಿಸಿಕೊಳ್ಳುತ್ತದೆ ಎಂದು ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ತೊಗಟೆಯ ಕೆಳಗೆ ತೆಳ್ಳಗೆ ಹಸಿರು ಪೊರೆಯಿದೆ. ಎರಡು ಕೊಂಬೆಗಳ ಪೊರೆ ಒಂದಕ್ಕೊಂದು ತಾಗಿದರೆ ಕೊಂಬೆಗಳು ಬೆಸೆಯುತ್ತವೆ. ಮನುಷ್ಯರ ಚರ್ಮದ ಕೆಳಗೂ ಅಂಥದೊಂದು ಪೊರೆಯನ್ನು ಎಬ್ಬಿಸುವ ರಸವನ್ನು ಚಿಗುರಿನಿಂದ ತೆಗೆದಿದ್ದೇನೆ. ಅದರಲ್ಲಿನ ಹಸಿರಿಗೆ ಜೀವವಿದೆ. ಬಿಸಿಲು ಕುಡಿದು ಗಾಯಕ್ಕೆ ಉಣಿಸುತ್ತದೆ. ಮೊಲಗಳ ಮೇಲೆ ನೋಡಿದ್ದೇನೆ, ನನ್ನ ತೋಳಿನ ಮೇಲೂ ನೋಡಿದ್ದೇನೆ. ಆದರೆ ಮಾವಿಗೆ ಮಾವೇ ಆಗಬೇಕು, ರಕ್ತಕ್ಕೆ ಅದೇ ರಕ್ತ. ಅವರ ಕೈಯನ್ನು ನಿಮ್ಮ ಎಡ ಮುಂದೋಳಿಗೆ ಸೇರಿಸಿ ನಲವತ್ತು ದಿನ ಕಟ್ಟಿಡಬೇಕು. ಬೆಸೆದ ಮೇಲೆ ಬಿಡಿಸುವುದು.

ನಿಮ್ಮ ತಂದೆಗೆ ಇದು ಒಂದೇ ಮಾತಿಗೆ ಅರ್ಥವಾಯಿತು. ಮಗಳಿಗೆ ಬರೆಯಿರಿ ಎಂದೆ. “ಕೇಳಾಕೆ ನಂಗೆ ಮೊಕ ಇಲ್ಲ ಸಾ,” ಎಂದು ಎದ್ದು ಹೋದರು. ಅದಕ್ಕೆ ನಾನು ಕೇಳುತ್ತಿದ್ದೇನೆ. ಫಲಿಸದೆಯೂ ಹೋಗಬಹುದು. ನಿಮ್ಮ ತೋಳಿನ ಮೇಲೆ ಅಂಗೈಯಗಲದ ಕಲೆ ಉಳಿಯುವುದಂತೂ ಖಂಡಿತ.

ನಿಮ್ಮ ವಿಶ್ವಾಸಿ,
ಷಡಕ್ಷರಿ


ಅರಕಲಗೂಡು
೨–೫–೧೯೪೩

ಅಪ್ಪಯ್ಯನವರಿಗೆ ನಮಸ್ಕಾರಗಳು.

ಬೇಸಿಗೆ ರಜೆ ಇದೆ. ನಾಳೆಯೇ ಹೊರಡಬಲ್ಲೆ. ಎಡಗೈ ನನಗೆ ಅಷ್ಟೇನೂ ಕೆಲಸಕ್ಕಿಲ್ಲ, ಸ್ಲೇಟು ಹಿಡಿಯುವುದಕ್ಕೆ ಮಾತ್ರ. ಕಲೆಯಾದರೆ ನೋಡಿ ಬೇಸರಪಡುವ ಗಂಡನೂ ಇಲ್ಲ.

ಬಾ ಎಂದು ಒಂದು ಕಾರ್ಡು ಹಾಕಿ. ಬೇರೆ ಏನೂ ಬರೆಯಬೇಕಿಲ್ಲ.

ಪುಟ್ಟತಾಯಮ್ಮ


ಸಾಲಗಾಮೆ
೮–೫–೧೯೪೩

ಪುಟ್ಟತಾಯಿಗೆ ಆಶೀರ್ವಾದ.

ಡಾಕ್ಟರಿಗೆ ಬಾಯಿ ಜಾಸ್ತಿ. ಈಗಲೇ ಬರಬೇಡ. ಕಸಿ ಕಟ್ಟುವುದಕ್ಕೆ ಕಾಲ ಅಂತ ಒಂದಿದೆ. ಈ ಬಿಸಿಲಿಗೆ ಕಟ್ಟಿದ್ದು ಒಣಗಿಹೋಗುತ್ತದೆ. ಆರಿದ್ರಾ ಮಳೆ ಹಿಡಿಯಲಿ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಡಾಕ್ಟರು ಈಗಲೇ ಆಗಬೇಕು ಅಂತ ಕೂಗಾಡಿದರು. ಮೈ ವಿಷಯ ಅವರಿಗೆ ಗೊತ್ತು, ಕಸಿ ವಿಷಯ ನನಗೆ ಗೊತ್ತು. ಮೂವತ್ತೈದು ವರ್ಷದಲ್ಲಿ ನಾನು ಆರಿದ್ರಾಗೆ ಮೊದಲು ಒಂದು ಕಸಿಯನ್ನೂ ಕಟ್ಟಿದವನಲ್ಲ.

ಹದಿನಾಲ್ಕು ಕಾಯಲ್ಲಿ ಮೂರನ್ನು ಅಳಿಲು ತಿಂದಿತು. ಬಸ್ಸಿನವನ ಕೈಲಿ ಆರು ಕಳಿಸಿದ್ದೇನೆ. ಸಿಹಿಯೋ ಹುಳಿಯೋ ಬರೆ.

ಕೆಂಪಣ್ಣ


ಅರಕಲಗೂಡು
೧೩–೬–೧೯೪೩

ಅಪ್ಪಯ್ಯನವರಿಗೆ,

ಹಣ್ಣು ಸಿಹಿಯಾಗಿತ್ತು. ವಾಟೆಯನ್ನೂ ಬಿಡದೆ ಚೀಪಿದೆ.

ನೀವು ಮಳೆಗೆ ಕಾದಿರಿ, ಕೈ ನಿಮಗೆ ಕಾಯಲಿಲ್ಲ. ಕಿರುಬೆರಳು ತೆಗೆಯಬೇಕಾಯಿತೆಂದು ಡಾಕ್ಟರು ಬರೆದಿದ್ದಾರೆ. ಕಾಗದ ಓದಿ ನಾನು ಶಾಲೆಯಲ್ಲೇ, ಮಕ್ಕಳೆದುರೇ ಅತ್ತೆ. ಆ ಬೆರಳು ಹಿಡಿದೇ ನಾನು ಸಾಲಗಾಮೆಯಿಂದ ಹಾಸನದ ಸಂತೆಗೆ ನಡೆಯುತ್ತಿದ್ದದ್ದು.

ಮನುಷ್ಯರ ಕೈಗೆ ಯಾವ ಮಳೆ ನಕ್ಷತ್ರ, ಅಪ್ಪಯ್ಯ? ಅದು ನೆಪ ಎಂದು ನನಗೆ ಗೊತ್ತು. ನನ್ನ ಎದುರಿಗೆ ಕೂರಬೇಕಲ್ಲ ಎಂದು ಅಂಜಿದಿರಿ. ಅಂಜಿಕೆಗೆ ಒಂದು ಬೆರಳು ಕೊಟ್ಟದ್ದು ಸಾಕು.

ಎರಡು ತಿಂಗಳು ರಜೆ ಹಾಕಿದ್ದೇನೆ. ಇಪ್ಪತ್ತೆರಡರಂದು, ಪೆಟ್ರೋಲು ಸಿಗದೆ ಇದ್ದಿಲಲ್ಲಿ ಓಡಿಸುವ ಬಸ್ಸಿಗೆ ಹಾಸನಕ್ಕೆ ಬರುತ್ತೇನೆ. ಬೇಕಾದರೆ ಅವತ್ತು ಆರಿದ್ರಾ ಹುಟ್ಟುತ್ತದೆಯೇ ಎಂದು ಪಂಚಾಂಗ ನೋಡಿಸಿಕೊಳ್ಳಿ. ನಾವಿಬ್ಬರೂ ಇರಬೇಕಾದದ್ದು ಡಾಕ್ಟರ ಮನೆಯಲ್ಲಿ. ಆ ಹೊಸ್ತಿಲು ನಿಮ್ಮದಲ್ಲ, ಅದನ್ನು ತುಳಿಯುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಡ.

ಪುಟ್ಟತಾಯಮ್ಮ


ಅರಕಲಗೂಡು
೧೫–೮–೧೯೪೩

ಅಪ್ಪಯ್ಯನಿಗೆ ಪುಟ್ಟಿಯ ನಮಸ್ಕಾರ.

ಸುಖವಾಗಿ ತಲುಪಿದೆ. ಬಸ್ಸು ಎರಡು ಕಡೆ ನಿಂತಿತು, ಇಳಿದು ತಳ್ಳಿದೆವು. ಬೆಳಿಗ್ಗೆ ಎದ್ದ ತಕ್ಷಣ ಅಭ್ಯಾಸಬಲದಿಂದ ನಿನ್ನ ಕೈಗೆ ತಡಕಾಡಿದೆ. ಹೊರಳಬೇಡ ಎಂದು ಬಯ್ಯುವವರಿಲ್ಲದೆ ಈಗ ಹೊರಳಲೂ ಮನಸ್ಸಿಲ್ಲ.

ತೋಳು ಚೆನ್ನಾಗಿದೆ. ಮಾಯ್ದ ಜಾಗ ಎಳೆ ಮಾವಿನೆಲೆಯ ಬಣ್ಣಕ್ಕಿದೆ. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಒಬ್ಬಳು ಮೂಸಿಯೂ ನೋಡಿದಳು. ಮಧ್ಯಾಹ್ನ ಶಾಲೆಯ ಜಗುಲಿಯಲ್ಲಿ ತೋಳನ್ನು ಬಿಸಿಲಿಗೆ ಚಾಚಿ ಕೂತರೆ ಹಸಿವೆ ತಡವಾಗಿ ಬರುತ್ತದೆ. ಅಕ್ಕಿ ಸಿಗದ ಈ ವರ್ಷದಲ್ಲಿ ಇದೊಂದು ಲಾಭ. ಡಾಕ್ಟರಿಗೂ ಬರೆದಿದ್ದೇನೆ.

ಮೊದಲ ಹತ್ತು ದಿನ ನೀನು ಗೋಡೆಯ ಜೊತೆ ಮಾತಾಡಿದೆ. ನನ್ನ ಎಡತೋಳಿಗೆ ನಿನ್ನ ಬಲಗೈ ಕಟ್ಟಿಹಾಕಿದ್ದರು, ನಾನೇ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಡುತ್ತಿದ್ದೆ. ತೊಲೆ ನೋಡುತ್ತ ಬಾಯಿ ತೆರೆಯುತ್ತಿದ್ದೆ ನೀನು. ಹನ್ನೊಂದನೇ ದಿನ ತೊಲೆಗೇ ಹೇಳುವ ಹಾಗೆ “ಉಪ್ಪು ಕಮ್ಮಿ” ಅಂದೆ. ನಾನು ನಕ್ಕ ನಗುವಿಗೆ ಕಟ್ಟು ಅಲುಗಿ ಡಾಕ್ಟರಿಂದ ಇಬ್ಬರಿಗೂ ಬೈಗುಳ. ಆಮೇಲೆ ಮಾತು ನಿಲ್ಲಲೇ ಇಲ್ಲ. ನನ್ನ ಎಡತೋಳಿನ ಹಚ್ಚೆಯ ಕಥೆಯನ್ನೂ ನೀನು ಹೇಳಿದೆ. ಹೊಳೆನರಸೀಪುರದಿಂದ ಬಂದ ಹಚ್ಚೆಯವಳ ಮುಂದೆ ಅವ್ವ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಯಿಗೆ ಬೆಲ್ಲ ಹಾಕಿ ಐದೆಲೆಯ ಬಳ್ಳಿ ಹಾಕಿಸುವಾಗ ನೀನು ಮನೆಯಲ್ಲಿರಲಿಲ್ಲ ಎಂದು ನನಗೆ ಇಷ್ಟು ವರ್ಷ ಸಿಟ್ಟಿತ್ತು. “ನೀನು ಅಳೋದ ಕೇಳಾಕಾಗ್ನಿಲ್ಲ ಕಣವ್ವ, ತ್ವಾಟಕ್ಕೆ ಓಡೋಗ್ಬುಟ್ಟೆ” ಅಂದೆಯಲ್ಲ, ಅವತ್ತು ಆ ಸಿಟ್ಟು ಇಳಿಯಿತು.

ಬಿಡಿಸುವಾಗಲೂ ನಿನ್ನದೇ ದರ್ಬಾರು. ಕಸಿಯನ್ನು ಒಂದೇ ಏಟಿಗೆ ಕೊಯ್ಯಬಾರದು, ಅರ್ಧ ಕೊಯ್ದು ವಾರ ಬಿಡಬೇಕು ಎಂದೆ. ಡಾಕ್ಟರು ಶಿಷ್ಯನ ಹಾಗೆ ತಲೆಯಾಡಿಸಿ ಹಾಗೇ ಮಾಡಿದರು. ಬಳ್ಳಿಯ ಎರಡೆಲೆ ನನ್ನ ತೋಳಿನಲ್ಲಿ ಉಳಿದಿವೆ. ಮೂರು ನಿನ್ನ ಕೈಗೆ ಬಂದಿವೆ. ಅವ್ವ ಹಾಕಿಸಿದ್ದು ಈಗ ನಮ್ಮಿಬ್ಬರ ಮೇಲೂ ಇದೆ.

ನಲವತ್ತೇಳು ದಿನ ಎಲ್ಲ ಮಾತಾಡಿದೆವು, ಹೊಂಗೆ ಮರದ ಮಾತೊಂದು ಬಿಟ್ಟು. ಬಸ್‌ ಸ್ಟ್ಯಾಂಡಿನಲ್ಲಿ ನೀನು “ಓಗಿ ಬಾ ಮಗಾ” ಎಂದೆ. ಬರುವುದು ಎಲ್ಲಿಗೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸು ಹೊರಟಿತು.

ಪುಟ್ಟಿ


ಸಾಲಗಾಮೆ
೨೨–೮–೧೯೪೩

ಮಗಾ ಪುಟ್ಟಿಗೆ ಆಶೀರ್ವಾದ.

ಇದು ಬಲಗೈ ಬರಹ. ತಿದ್ದಬೇಡ. ನಾಲ್ಕು ಬೆರಳಿಗೆ ಇಷ್ಟು ದುಂಡಗೆ ಬಂದದ್ದೇ ಹೆಚ್ಚು.

ಒಂದು ವಿಷಯ ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಮೊನ್ನೆ ಮಾವಿನ ಕಾಂಡದ ಮೇಲೆ ಕೈಯಿಟ್ಟೆ. ಒಳಗೆ ನೀರು ಏರುವುದು ಕೈಗೆ ತಿಳಿಯಿತು. ನಾಡಿ ಹಿಡಿದ ಹಾಗೆ. ಮೊದಲಾದರೆ ಕಸಿ ಹಿಡಿಯಿತೋ ಇಲ್ಲವೋ ಅಂತ ಎರಡು ತಿಂಗಳು ಕಾಯುತ್ತಿದ್ದೆ, ಈಗ ಮುಟ್ಟಿದರೆ ಸಾಕು. ತೋಟದಲ್ಲಿ ಒಂದು ಗಿಡ ಒಣಗಿದೆ ಅಂತ ಎಲ್ಲರೂ ಕೀಳಲು ಹೊರಟಿದ್ದರು. ಬೇರಲ್ಲಿ ಜೀವವಿದೆ, ಬಿಡಿ ಅಂದೆ. ನಿನ್ನೆ ಚಿಗುರಿದೆ. ಮರದ ಹತ್ತಿರ ನಿಂತು ಅಳುವ ವಯಸ್ಸಲ್ಲ ನನ್ನದು. ಆದರೂ ಅತ್ತೆ.

ನನ್ನ ಜೊತೆ ಕೆಲಸ ಮಾಡುವ ಪುಟ್ಟಸ್ವಾಮಿ ಹೆಂಗಸರ ಹಚ್ಚೆ ಹಾಕಿಸಿಕೊಂಡಿದ್ದೀಯ ಅಂತ ನಕ್ಕ. “ಆಕ್ಸ್ಕೊಂಡಿದ್ದಲ್ಲ ಕಣ್ಲಾ, ಮಗಳು ಕೊಟ್ಟಿದ್ದು” ಅಂದೆ. ಅವನಿಗೆ ಮೂರು ಗಂಡುಮಕ್ಕಳು. ಹತ್ತಿರ ಬಂದು ಮೂರೆಲೆಯನ್ನೂ ಮುಟ್ಟಿ ನೋಡಿದ.

ಮಂಗಳವಾರ ಇಲ್ಲಿ ಪೂರ್ತಿ ಮೋಡ. ಆದರೂ ಮೂರೆಲೆಯೂ ಕಡುಹಸಿರಾಗಿದ್ದವು. ಅಲ್ಲಿ ಬಿಸಿಲಿತ್ತೇ?

ನಿನ್ನ ಅಪ್ಪ


ಅರಕಲಗೂಡು
೨–೯–೧೯೪೩

ಅಪ್ಪಯ್ಯನಿಗೆ,

ನೀನು ಬರೆದ ಆ ಮಂಗಳವಾರ ಇಲ್ಲಿ ಸುಡುವ ಬಿಸಿಲು. ನಾನು ಮಧ್ಯಾಹ್ನವೆಲ್ಲ ಜಗುಲಿಯಲ್ಲೇ ಇದ್ದೆ. ನಿನಗೆ ಹೇಗೆ ತಿಳಿಯಿತು?

ಚೆನ್ನಾಗಿದ್ದೇನೆ. ಶಾಲೆಯಲ್ಲಿ ಕೆಲಸ ಹೆಚ್ಚು, ಅದಕ್ಕೆ ಕಾರ್ಡು.

ಪುಟ್ಟಿ


ಸಾಲಗಾಮೆ
೫–೯–೧೯೪೩

ಪುಟ್ಟಿ,

ನೀನು ಚೆನ್ನಾಗಿಲ್ಲ. ನಾಲ್ಕು ದಿನದಿಂದ ಮೂರೆಲೆಯೂ ಬೂದಿಯ ಬಣ್ಣ. ಇಲ್ಲಿ ಬಿಸಿಲಿಗೆ ಹಿಡಿದರೂ ಹಸಿರು ಏರುತ್ತಿಲ್ಲ. ನನಗೆ ಮೈಯಲ್ಲಿ ಏನೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಬೇನೆ ಇರುವುದು ನಿನ್ನ ಕಡೆ. ಮೇಷ್ಟ್ರಮ್ಮ ಸುಳ್ಳು ಬರೆದರೆ ಮಕ್ಕಳಿಗೆ ಏನು ಕಲಿಸುತ್ತೀ?

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಈ ಕಾಗದಕ್ಕಿಂತ ನಾನೇ ಮೊದಲು ತಲುಪಿದರೂ ಆಶ್ಚರ್ಯವಿಲ್ಲ. ನಿನ್ನ ಹೊಸ್ತಿಲು ತುಳಿಯಬೇಡ ಅಂತ ನೀನು ಯಾವತ್ತೂ ಹೇಳಿಲ್ಲವಲ್ಲ.

ಅಪ್ಪ


ಅರಕಲಗೂಡು
೧೮–೯–೧೯೪೩

ಅಪ್ಪಯ್ಯನಿಗೆ ಪುಟ್ಟಿಯ ನಮಸ್ಕಾರ.

ಚಳಿಜ್ವರ ಪೂರ್ತಿ ಬಿಟ್ಟಿದೆ. ನಿನ್ನೆಯಿಂದ ಶಾಲೆಗೆ ಹೋಗುತ್ತಿದ್ದೇನೆ. ನೀನು ಬಂದ ಮಾರನೆಯ ದಿನ ನಿನ್ನ ಕಾಗದ ಬಂತು. ನೀನೇ ಅದನ್ನು ನನಗೆ ಓದಿ ಹೇಳಿದೆ, ಬಯ್ಗುಳದ ಜಾಗ ಬಂದಾಗ ಮಾತ್ರ ಗಟ್ಟಿಯಾಗಿ.

ಒಂಬತ್ತು ದಿನ ನನ್ನ ಪಕ್ಕದಲ್ಲಿ ಕೂತಿದ್ದೆ. ನೀನು ಕಾಯಿಸಿದ ಗಂಜಿಯನ್ನು ಗಂಜಿ ಎನ್ನುವುದು ಕಷ್ಟ, ಆದರೆ ಈಗ ನನ್ನ ಅಡುಗೆ ಸಪ್ಪೆ ಅನ್ನಿಸುತ್ತಿದೆ. ಬಿಸಿಲು ಬಂದ ತಕ್ಷಣ ನನ್ನನ್ನು ಜಗುಲಿಗೆ ನಡೆಸಿಕೊಂಡು ಬಂದು, ನಿನ್ನ ಕೈಯ ಮೂರೆಲೆಯನ್ನು ನನ್ನ ತೋಳಿನ ಎರಡೆಲೆಗೆ ತಾಗಿಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದೆ. ನಿನ್ನ ಎಲೆಗಳು ಬಾಡಿದವು, ನನ್ನವು ಹಸಿರಾದವು. ನಾನು ನೋಡಿದೆ. ಕೈ ಎಳೆದುಕೊಳ್ಳಲು ಹೋದರೆ ಬಿಡಲಿಲ್ಲ ನೀನು.

ಹೊರಡುವ ಹಿಂದಿನ ದಿನ ನಿನ್ನನ್ನು ಒಂದು ಮಾತು ಕೇಳಿದೆ: “ಅವ್ವ ಓದ ದಿನ ನನ್ನ ಯಾಕೆ ಕರೀನಿಲ್ಲ ಅಪ್ಪಯ್ಯ?” ನೀನು ಪಾತ್ರೆ ತೊಳೆಯಬೇಕೆಂದು ಎದ್ದು ಹೋದೆ. ಜ್ವರದಲ್ಲಿ ಬಡಬಡಿಸುತ್ತಿದ್ದೇನೆ ಎಂದುಕೊಂಡಿದ್ದರೆ ತಿಳಿದಿರಲಿ, ಅಷ್ಟು ಹೊತ್ತಿಗೆ ಜ್ವರ ಬಿಟ್ಟಿತ್ತು. ನೆನಪಿಟ್ಟುಕೊಂಡೇ ಕೇಳಿದ್ದು.

ಪಿತೃಪಕ್ಷ ನಡೆಯುತ್ತಿದೆ. ಮೂರು ವರ್ಷದ ಹಾಗೆ ಈ ಅಮಾವಾಸ್ಯೆಗೂ ಅವ್ವನಿಗೆ ಇಲ್ಲೇ ಒಂದು ಎಲೆಯಲ್ಲಿ ಎಡೆ ಇಡುತ್ತೇನೆ. ಅವ್ವ ಎರಡು ಕಡೆ ಉಣ್ಣಬೇಕಾಗಿದೆ ನಮ್ಮಿಂದ.

ಪುಟ್ಟಿ


ಸಾಲಗಾಮೆ
೨೪–೯–೧೯೪೩

ಮಗಾ ಪುಟ್ಟಿ,

ಪಾತ್ರೆ ತೊಳೆಯಲು ಹೋದೆ ನಿಜ. ಪಾತ್ರೆ ಮೊದಲೇ ತೊಳೆದಿತ್ತು. ಬಾವಿಕಟ್ಟೆಯಲ್ಲಿ ಕೂತಿದ್ದೆ.

ಕೇಳಿದೆಯಲ್ಲ, ಹೇಳುತ್ತೇನೆ. ಆವತ್ತು ಹೊಂಗೆ ಮರದ ಕೆಳಗೆ ನಿನ್ನನ್ನು ನೋಡಿದೆ. ಈಗ ಬರುತ್ತಾಳೆ ಅಂದುಕೊಂಡು ಒಳಗೆ ಹೋಗಿ ಬಾಗಿಲ ಹಿಂದೆಯೇ ನಿಂತೆ. ನಡೆಯಲು ಕಲಿತ ದಿನದಿಂದ ನೀನು ನನ್ನ ಒಂದು ಮಾತನ್ನೂ ಕೇಳಿದವಳಲ್ಲ. ಮರ ಹತ್ತಬೇಡ ಅಂದರೆ ಹತ್ತಿದೆ. ಓದು ಸಾಕು ಅಂದರೆ ಓದಿದೆ. ಅದಕ್ಕೇ ಇದನ್ನೂ ಕೇಳುವುದಿಲ್ಲ, ನನ್ನನ್ನು ತಳ್ಳಿಕೊಂಡು ಒಳಗೆ ನುಗ್ಗುತ್ತಾಳೆ ಅಂತ ಕಾದೆ. ಹುಟ್ಟಿದಾಗಿನಿಂದ ಆ ಒಂದು ದಿನ ನೀನು ನನ್ನ ಮಾತು ಕೇಳಿಬಿಟ್ಟೆ. ಅವ್ವನನ್ನು ಎತ್ತುವಾಗ ಹೊರಗೆ ಬಂದು ನೋಡಿದರೆ ಇನ್ನೂ ಅಲ್ಲೇ ನಿಂತಿದ್ದೆ. ಬಾ ಅನ್ನಲು ಬಾಯಿ ತೆರೆದೆ, ಊರವರೆಲ್ಲ ನೋಡುತ್ತಿದ್ದರು, ಸ್ವರ ಹೊರಡಲಿಲ್ಲ. ತಪ್ಪು ನನ್ನದು. ಸಾಯುವ ಮೊದಲು ನಿಮ್ಮವ್ವ ನಿನ್ನನ್ನು ಕೇಳಿದಳು. ಅದನ್ನೂ ನಿನಗೆ ಹೇಳಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಹೊಸ್ತಿಲು ತುಳಿಯಬೇಡ ಅಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ ಅಂತ ವಾರವೆಲ್ಲ ಯೋಚಿಸಿದೆ. ಮಾತು ತೆಗೆಯಲು ಬರುವುದಿಲ್ಲ, ಹೊಸ್ತಿಲು ತೆಗೆಯಲು ಬರುತ್ತದೆ. ಸೋಮವಾರ ಬಡಗಿಯನ್ನು ಕರೆಸಿದೆ. ನಮ್ಮಜ್ಜನ ಕಾಲದ ಹೊಸ್ತಿಲು, ಅರ್ಧ ದಿನ ಹಿಡಿಯಿತು ಕೀಳುವುದಕ್ಕೆ. ಈಗ ಹಿತ್ತಲಲ್ಲಿ ಬಿದ್ದಿದೆ, ಕೋಳಿ ಕೂರುತ್ತಿವೆ. ಹಲಸಿನ ಮರದ ಹೊಸ ಹೊಸ್ತಿಲು ಹಾಕಿಸಿದ್ದೇನೆ. ಉಳಿ ಹಿಡಿದು ಅಂಚು ನಾನೇ ನಯ ಮಾಡಿದೆ, ಈ ಕೈಯಲ್ಲೇ.

ಹೊಸ ಹೊಸ್ತಿಲಿಗೆ ಮುತ್ತೈದೆಯ ಕೈಯಿಂದ ಅರಿಶಿನ ಬೀಳಬೇಕು ಅಂತ ಹೊನ್ನಕ್ಕ ಪಕ್ಕದ ಮನೆಯವಳನ್ನು ಕರೆಯಲು ಹೊರಟಳು. ನಿಮ್ಮವ್ವನನ್ನು ನೆನೆದು “ಲಕ್ಕಿ ಇದ್ದಿದ್ರೆ ಆಕೋಳು. ಅವಳ ಬಳ್ಳಿ ಇರೋ ಪುಟ್ಟಿ ಕೈಯೇ ಆಕ್ಲಿ ಬುಡಕ್ಕ” ಅಂದೆ. ಬಾಯಿ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳೂ ಇಪ್ಪತ್ತು ವರ್ಷದಿಂದ ಅರಿಶಿನ ಮುಟ್ಟದವಳು. ಒಳಗೆ ಹೋಗಿ ಅರಿಶಿನ ಕೊಂಬು ತೊಳೆದು ನೆನೆಹಾಕಿದಳು.

ಬುಧವಾರ ಅಮಾವಾಸ್ಯೆ. ನಿಮ್ಮವ್ವನಿಗೆ ಒಂದೇ ಕಡೆ ಎಡೆ ಇಡೋಣ. ಬಾ ಮಗಾ, ಮನೆಗೆ ಬಾ. ಮೂರು ವರ್ಷದ ಹಿಂದೆ ಹೊರಡದೆ ಉಳಿದ ಸ್ವರ ಇದು.

ತಡ ಮಾಡಬೇಡ. ಹೊಸ ಹೊಸ್ತಿಲನ್ನು ಮೊದಲು ನೀನು ದಾಟಬೇಕು ಅಂತ ನಾವು ಯಾರೂ ತುಳಿದಿಲ್ಲ. ಸೋಮವಾರದಿಂದ ನಾನು, ಹೊನ್ನಕ್ಕ, ಹಸು, ಕರು, ಎಲ್ಲರೂ ಹಿತ್ತಲ ಬಾಗಿಲಿಂದಲೇ ಓಡಾಡುತ್ತಿದ್ದೇವೆ. ಹೊನ್ನಕ್ಕನಿಗೆ ಮಂಡಿ ನೋವು, ದಿನಕ್ಕೆ ಹತ್ತು ಸಲ ಸುತ್ತಿಕೊಂಡು ಬರುವುದು ಕಷ್ಟ.

ನಿನ್ನ ಅಪ್ಪ,
ಕೆಂಪಣ್ಣ